ಬೈಬಲ್ ಸಿನಿಮಾಗಳು ಮೂಲಕ್ಕೆ ಎಷ್ಟು ಹತ್ತಿರ?

ಬೈಬಲ್ ಕಥೆಗಳನ್ನು ಸಿನಿಮಾದವರು ಇದ್ದದ್ದು ಇದ್ದ ಹಾಗೆ ತೋರಿಸುತ್ತಾರಾ, ಸಿನಿಮಾ ನೋಡಿದರೆ ಓದಿದಷ್ಟೇ ಆಯಿತಾ ಎಂದು ಕೇಳಿದ್ದೀರಿ. ಆಗುವುದಿಲ್ಲ. ಆದರೆ ಎಲ್ಲ ಬದಲಾವಣೆಯನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ಬೈಬಲ್ ಏನೂ ಹೇಳದ ಕಡೆ ಸಿನಿಮಾ ಕಲ್ಪಿಸಿಕೊಂಡರೆ ನನಗೆ ಬೇಸರವಿಲ್ಲ. ಹೇಳಿದ್ದನ್ನೇ ತಿರುಚಿದರೆ ಬೇಸರ.

1956ರ 'ದಿ ಟೆನ್ ಕಮಾಂಡ್‌ಮೆಂಟ್ಸ್' ನೋಡಿ. ಬೈಬಲಿನ ಎರಡನೇ ಪುಸ್ತಕ ವಿಮೋಚನಕಾಂಡದಲ್ಲಿ, ಈಜಿಪ್ಟಿನ ರಾಜ ಫರೋಹನ ಮಗಳು ಮಗು ಮೋಶೆಯನ್ನು ಸಾಕಿಕೊಳ್ಳುತ್ತಾಳೆ. ಮುಂದಿನ ವಚನಕ್ಕೆ ಬಂದರೆ ಅವನು ಆಗಲೇ ದೊಡ್ಡವನು. ಅರಮನೆಯಲ್ಲಿ ಹೇಗೆ ಬೆಳೆದ ಎಂದು ಒಂದು ಸಾಲೂ ಇಲ್ಲ. ನಿರ್ದೇಶಕ ಡಿಮಿಲ್ ಅಲ್ಲಿ ರಾಜಕುಮಾರಿಯ ಪ್ರೇಮ, ಸಿಂಹಾಸನದ ಪೈಪೋಟಿ ಎಲ್ಲ ಸೇರಿಸಿದರು. ಮೂರೂವರೆ ಗಂಟೆಗೂ ಜಾಸ್ತಿ ಓಡುವ ಸಿನಿಮಾ, ಸೇರಿಸಲಿ ಬಿಡಿ.

ನನಗೆ ಒಪ್ಪಿಗೆಯಾಗದ್ದು ಮೋಶೆಯ ದನಿ. ಫರೋಹನ ಬಳಿ ಹೋಗಿ ಗುಲಾಮರಾಗಿರುವ ನನ್ನ ಜನರನ್ನು ಬಿಡಿಸು ಎಂದು ದೇವರು ಹೇಳಿದಾಗ, ನನಗೆ ಮಾತು ಬರುವುದಿಲ್ಲ, ಬೇರೆ ಯಾರನ್ನಾದರೂ ಕಳಿಸು ಎಂದು ಬೈಬಲಿನ ಮೋಶೆ ಬೇಡುತ್ತಾನೆ. ದೇವರಿಗೆ ಸಿಟ್ಟೇ ಬರುತ್ತದೆ. ಕೊನೆಗೆ ಅಣ್ಣ ಆರೋನನನ್ನು ಮಾತಿಗೆ ಜೊತೆ ಮಾಡುತ್ತಾನೆ. ಫರೋಹನ ಮುಂದೆ ನಿಂತಾಗ ಮೋಶೆಗೆ 80 ವರ್ಷ, ಆರೋನನಿಗೆ 83. ಸಿನಿಮಾದಲ್ಲಿ ಆರೋನ ಪಕ್ಕಕ್ಕೆ ಸರಿದು, ಚಾರ್ಲ್ಟನ್ ಹೆಸ್ಟನ್ ಅವರ ಮೋಶೆ ಕಟ್ಟುಮಸ್ತಾಗಿ ನಿಂತು ಗುಡುಗುತ್ತಾನೆ. ಮಾತೇ ಬರದ ಮುದುಕನನ್ನು ದೇವರು ಆರಿಸಿದ ಅನ್ನುವುದೇ ಅಲ್ಲಿ ಮುಖ್ಯ ಅಲ್ವಾ? ಅದೇ ಹೋಯಿತು.

ಮೆಲ್ ಗಿಬ್ಸನ್ ಅವರ 2004ರ 'ದಿ ಪ್ಯಾಶನ್ ಆಫ್ ದಿ ಕ್ರೈಸ್ಟ್'ನಲ್ಲಿ ಎರಡೂ ಬಗೆ ಸಿಗುತ್ತವೆ. ಯೇಸು ತಿಂದ ಕೊರಡೆ ಏಟನ್ನು ಸುವಾರ್ತೆಗಳು, ಅಂದರೆ ಯೇಸುವಿನ ಬದುಕನ್ನು ಹೇಳುವ ಬೈಬಲಿನ ನಾಲ್ಕು ಪುಸ್ತಕಗಳು, ಒಂದೇ ಮಾತಿನಲ್ಲಿ ಮುಗಿಸುತ್ತವೆ, ಸಿನಿಮಾ ನಿಮಿಷಗಟ್ಟಲೆ ತೋರಿಸುತ್ತದೆ. ಆಮೇಲೆ ರೋಮನ್ ಅಧಿಪತಿ ಪಿಲಾತನ ಹೆಂಡತಿ ತಂದುಕೊಟ್ಟ ಬಿಳಿ ಬಟ್ಟೆಯಿಂದ ತಾಯಿ ಮರಿಯಳು ಮಂಡಿಯೂರಿ ನೆಲದ ರಕ್ತ ಒರೆಸುತ್ತಾಳೆ. ಇದು ಯಾವ ಸುವಾರ್ತೆಯಲ್ಲೂ ಇಲ್ಲ. ಎಮ್ಮೆರಿಕ್ ಎಂಬ ಜರ್ಮನ್ ಸನ್ಯಾಸಿನಿಯ ದರ್ಶನಗಳ ಪುಸ್ತಕದಿಂದ ಬಂದದ್ದು. ಆದರೂ ಆ ತಾಯಿಯನ್ನು ನೋಡಿ ನನಗೆ ಅಳು ತಡೆಯಲಾಗಲಿಲ್ಲ. ಅದು ಇರಲಿ ಅಂತಲೇ ನನ್ನ ಆಸೆ.

ಅದೇ ಸಿನಿಮಾ ಯೇಸುವಿನ ಶಿಷ್ಯೆ ಮಗ್ದಲದ ಮರಿಯಳನ್ನು ವ್ಯಭಿಚಾರದಲ್ಲಿ ಸಿಕ್ಕಿಬಿದ್ದ ಹೆಂಗಸು ಎಂದು ತೋರಿಸುತ್ತದೆ. ಯೋಹಾನನ ಸುವಾರ್ತೆಯ 8ನೇ ಅಧ್ಯಾಯದ ಆ ಹೆಂಗಸಿಗೆ ಹೆಸರೇ ಇಲ್ಲ. ಮಗ್ದಲದ ಮರಿಯಳು ಏಳು ದೆವ್ವಗಳ ಕಾಟದಿಂದ ಬಿಡುಗಡೆಯಾದವಳು, ತನ್ನ ದುಡ್ಡಿನಿಂದ ಯೇಸುವಿಗೂ ಶಿಷ್ಯರಿಗೂ ನೆರವಾದವಳು ಎನ್ನುತ್ತಾನೆ ಇನ್ನೊಂದು ಸುವಾರ್ತೆ ಬರೆದ ಲೂಕ. ಲೂಕನ 7ನೇ ಅಧ್ಯಾಯದ ಪಾಪಿ ಹೆಂಗಸೂ ಇವಳೇ ಎಂದು 591ರಲ್ಲಿ ಪೋಪ್ ಗ್ರೆಗೊರಿ ಪ್ರಸಂಗ ಮಾಡಿದ ಮೇಲೆ ಈ ಕಳಂಕ ಗಟ್ಟಿಯಾಗಿ ಅಂಟಿಕೊಂಡಿತು. ಸಾವಿನಿಂದ ಎದ್ದುಬಂದ ಯೇಸುವನ್ನು ಕಂಡು ಶಿಷ್ಯರಿಗೆ ಸುದ್ದಿ ಮುಟ್ಟಿಸಿದವಳ ಮೇಲೆ ಇಲ್ಲದ ಆರೋಪ ಹೊರಿಸುವುದು ಅನ್ಯಾಯ.

ಒಂದೇ ಸಿನಿಮಾ ನೋಡುವುದಾದರೆ 1964ರ 'ದಿ ಗಾಸ್ಪೆಲ್ ಅಕಾರ್ಡಿಂಗ್ ಟು ಸೇಂಟ್ ಮ್ಯಾಥ್ಯೂ' ನೋಡಿ. ನಿರ್ದೇಶಕ ಪಸೊಲಿನಿ ದೇವರನ್ನು ನಂಬದ ಮಾರ್ಕ್ಸ್‌ವಾದಿ. ಆದರೂ ಮಾತುಗಳನ್ನು ಬಹುಪಾಲು ಮತ್ತಾಯನ ಸುವಾರ್ತೆಯಿಂದಲೇ ತೆಗೆದುಕೊಂಡರು. ದಕ್ಷಿಣ ಇಟಲಿಯ ಬಡ ಊರುಗಳಲ್ಲಿ, ನಟನೆ ಗೊತ್ತಿಲ್ಲದ ಜನರನ್ನು ಇಟ್ಟುಕೊಂಡು ತೆಗೆದರು. ಘಟನೆಗಳನ್ನು ಅಲ್ಲಲ್ಲಿ ಹಿಂದೆಮುಂದೆ ಮಾಡಿದ್ದಾರೆ, ಕೆಲವನ್ನು ಬಿಟ್ಟಿದ್ದಾರೆ. ಮತ್ತಾಯನ 5ರಿಂದ 7ನೇ ಅಧ್ಯಾಯ ಓದಿಕೊಂಡು ಬೆಟ್ಟದ ಪ್ರಸಂಗದ, ಅಂದರೆ ಯೇಸು ಬೆಟ್ಟದ ಮೇಲೆ ಮಾಡಿದ ಉಪದೇಶದ, ಭಾಗ ನೋಡಿ. ಯೇಸುವಿನ ಮುಖವೇ ಪರದೆ ತುಂಬಿರುತ್ತದೆ, ಸುತ್ತಲ ಬೆಳಕು ಬದಲಾಗುತ್ತಾ ಹೋಗುತ್ತದೆ. ಮಾತು ಇಟಾಲಿಯನ್, ಸಬ್‌ಟೈಟಲ್ ಹಾಕಿಕೊಳ್ಳಿ.