ಹಳೆಯ ಮಾರುತಿ 800ರ ಎಕ್ಸಾಸ್ಟ್ ಮ್ಯಾನಿಫೋಲ್ಡ್ (ಎಂಜಿನ್ನಿನ ಹೊಗೆಯನ್ನು ಸೈಲೆನ್ಸರ್ ಪೈಪಿಗೆ ಒಯ್ಯುವ ಭಾಗ) ನಟ್ಟುಗಳು ಅಲ್ಲಾಡುತ್ತಲೇ ಇಲ್ಲ. ನಟ್ಟು ಕೂತಿರುವ ಸ್ಟಡ್ (ತಲೆಯಿಲ್ಲದ ಬೋಲ್ಟು) ಮುರಿಯದಂತೆ ಬಿಚ್ಚುವುದು ಹೇಗೆ?

ನಿಮ್ಮದು ಕಾರ್ಬುರೇಟರ್ ಗಾಡಿ, ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಟಕಟಕ ಸದ್ದು, ಬಿಸಿಯಾದ ಮೇಲೆ ಕಡಿಮೆ ಅಂತ ಬರೆದಿದ್ದೀರಿ. ಹಾಗಿದ್ದರೆ ಮ್ಯಾನಿಫೋಲ್ಡ್ ಮತ್ತು ಎಂಜಿನ್ ನಡುವಿನ ಗ್ಯಾಸ್ಕೆಟ್ (ಸಂದಿ ಮುಚ್ಚುವ ತೆಳು ಪದರ) ಸೋರುತ್ತಿರುವುದೇ ಹೆಚ್ಚು ಸಂಭವ. ಬಿಸಿಗೆ ಲೋಹ ಹಿಗ್ಗಿದಾಗ ಸಂದಿ ಮುಚ್ಚಿಕೊಳ್ಳುತ್ತದೆ. ರಿಪೇರಿ ಆಗುವವರೆಗೆ ದಯವಿಟ್ಟು ಕಿಟಕಿ ತೆರೆದೇ ಓಡಿಸಿ, ಶೆಡ್ಡಿನೊಳಗೆ ಎಂಜಿನ್ ಚಾಲೂ ಇಡಬೇಡಿ. ಸೋರುವ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ, ಅದಕ್ಕೆ ವಾಸನೆ ಇಲ್ಲ.

ನನ್ನ 1998ರ ಮಾಡೆಲ್ 800ರಲ್ಲಿ ನಾನು ಅವಸರಪಟ್ಟೆ. ರಿಂಗ್ ಸ್ಪ್ಯಾನರಿಗೆ ಪೈಪು ತೂರಿಸಿ ಎಳೆದೆ, ಟಣ್ ಅಂತ ಸ್ಟಡ್ ಮುರಿದು ಅರ್ಧ ಕೈಗೆ ಬಂತು. ಸ್ಟಡ್ ಕೂರುವ ಹೆಡ್ (ಎಂಜಿನ್ನಿನ ಮೇಲ್ಭಾಗ) ಅಲ್ಯೂಮಿನಿಯಂ, ಸ್ಟಡ್ ಉಕ್ಕು. ಬಿಸಿಗೆ ಅಲ್ಯೂಮಿನಿಯಂ ಉಕ್ಕಿನ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ವರ್ಷಗಟ್ಟಲೆ ಈ ಹಿಗ್ಗುವಿಕೆ, ಕುಗ್ಗುವಿಕೆ, ಮೇಲೆ ತುಕ್ಕು ಸೇರಿದರೆ ಬರೀ ತೋಳ್ಬಲಕ್ಕೆ ನಟ್ಟು ಜಗ್ಗುವುದಿಲ್ಲ.

ಆದ್ದರಿಂದ ಮೂರು ದಿನ ಎಣ್ಣೆಗೇ ಕೊಡಿ. ಸಂಜೆ ಗಾಡಿ ಓಡಿಸಿ ಬಂದು, ಕೈ ತಾಗಿಸಬಹುದಾದಷ್ಟು ಆರಿದ ಮೇಲೆ ಪ್ರತಿ ನಟ್ಟಿನ ಬುಡಕ್ಕೂ ತುಕ್ಕು ಬಿಡಿಸುವ ಎಣ್ಣೆ ಹೊಡೆಯಿರಿ. ತಣ್ಣಗಾಗುತ್ತಾ ಲೋಹ ಎಣ್ಣೆಯನ್ನು ಒಳಗೆಳೆದುಕೊಳ್ಳುತ್ತದೆ. ಗ್ಯಾಸ್ ಟಾರ್ಚ್ ಹಿಡಿಯಿರಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ, ಕಾರ್ಬುರೇಟರಿನಲ್ಲಿ ಪೆಟ್ರೋಲ್ ಇದೆ!

ಬಿಚ್ಚುವ ದಿನ ಎಂಜಿನ್ ಪೂರ್ತಿ ತಣ್ಣಗಿರಲಿ, ಬ್ಯಾಟರಿಯ ನೆಗೆಟಿವ್ ತೆಗೆದಿಡಿ. ಸೈಲೆನ್ಸರ್ ಪೈಪಿನ ಬೋಲ್ಟುಗಳಿಗೆ ಗಾಡಿಯ ಕೆಳಗೆ ಹೋಗಬೇಕಾದರೆ ಸ್ಟ್ಯಾಂಡ್ ಇಡಿ, ಬರೀ ಜಾಕ್ ನಂಬಬೇಡಿ. ಆರು ಮೂಲೆಯ ಸಾಕೆಟ್ ಬಳಸಿ, ಹನ್ನೆರಡು ಮೂಲೆಯದು ತುಕ್ಕು ಹಿಡಿದ ನಟ್ಟಿನ ಮೂಲೆ ತಿನ್ನುತ್ತದೆ. ಮೊದಲು ಸ್ವಲ್ಪ ಬಿಗಿ ಮಾಡಿ, ಆಮೇಲೆ ಸಡಿಲಿಸಿ, ಕಾಲು ಸುತ್ತು ಸಡಿಲಿಸಿದರೆ ಅದರ ಅರ್ಧದಷ್ಟು ಮತ್ತೆ ಬಿಗಿ, ಹೀಗೆ. ಕಿರ್ ಅಂದರೆ ನಿಲ್ಲಿಸಿ ಮತ್ತೆ ಎಣ್ಣೆ ಹೊಡೆಯಿರಿ. ನಟ್ಟಿನ ಜೊತೆ ಸ್ಟಡ್ಡೇ ತಿರುಗಿ ಬಂದರೆ ಗಾಬರಿ ಬೇಡ, ಹೊಸ ಸ್ಟಡ್ ಹಾಕಿದರಾಯಿತು. ಹೊರಗಿನ ನಟ್ಟುಗಳನ್ನು ಮೊದಲು ಸಡಿಲಿಸಿ, ನಡುವಿನವು ಕೊನೆಗೆ.

ಮುರಿದೇ ಹೋಯಿತು ಅನ್ನಿ. ಈಸಿ-ಔಟ್ (ಮುರಿದ ತುಂಡಿಗೆ ತೂತು ಕೊರೆದು ತಿರುಗಿಸಿ ತೆಗೆಯುವ ಗಟ್ಟಿ ಉಕ್ಕಿನ ಸಲಕರಣೆ) ಹಾಕಲು ಹೋಗಬೇಡಿ. ಅದು ಒಳಗೆ ಮುರಿದರೆ ಸಾಮಾನ್ಯ ಡ್ರಿಲ್ ಬಿಟ್ ಅದನ್ನು ಕೊರೆಯಲಾರದು. ತುಂಡು ಸ್ವಲ್ಪ ಹೊರಗಿದ್ದರೆ ಅದರ ಮೇಲೆ ನಟ್ಟು ವೆಲ್ಡ್ ಮಾಡಿ ತಿರುಗಿಸುತ್ತಾರೆ. ನನ್ನದು ಲೇತ್ ಅಂಗಡಿಯಲ್ಲಿ ಹಾಗೆಯೇ ಬಂತು.

ಮ್ಯಾನಿಫೋಲ್ಡ್ ಕೈಗೆ ಬಂದ ಮೇಲೆ ಬಿರುಕಿದೆಯೇ ನೋಡಿ, ಹೆಡ್ಡಿಗೆ ಕೂರುವ ಮುಖದ ಮೇಲೆ ಉಕ್ಕಿನ ಸ್ಕೇಲ್ ಇಟ್ಟು ಬಾಗಿದೆಯೇ ಪರೀಕ್ಷಿಸಿ. ಬಾಗಿದ್ದರೆ ಹೊಸ ಗ್ಯಾಸ್ಕೆಟ್ ಕೂಡ ಸೋರುತ್ತದೆ. ಹಳೆಯ ಗ್ಯಾಸ್ಕೆಟ್ ಮತ್ತೆ ಹಾಕಲೇಬೇಡಿ. ಕೂರಿಸುವಾಗ ನಡುವಿನಿಂದ ಹೊರಗೆ ಬಿಗಿ ಮಾಡುತ್ತಾ ಬನ್ನಿ, ಒಂದು ವಾರ ಓಡಿಸಿ ತಣ್ಣಗಿದ್ದಾಗ ನಟ್ಟುಗಳನ್ನು ಇನ್ನೊಮ್ಮೆ ನೋಡಿ.