ಓಟ ಬಿಡಿಸಲೇ, ಕೋಚಿಂಗ್ ಬಿಡಿಸಲೇ?

ಪ್ರಶ್ನೆ: ಮಗಳು ಪ್ರಥಮ ಪಿಯುಸಿ, ಪಿಸಿಎಂಬಿ. 800 ಮೀಟರ್ ಓಡುತ್ತಾಳೆ. ಹೈಸ್ಕೂಲಿನಲ್ಲಿದ್ದಾಗ ರಾಜ್ಯಮಟ್ಟಕ್ಕೆ ಹೋಗಿದ್ದಳು. ಬೆಳಿಗ್ಗೆ ಐದೂವರೆಗೆ ಮೈದಾನ, ಆಮೇಲೆ ಕಾಲೇಜು, ಸಂಜೆ ಮತ್ತೆ ಪ್ರಾಕ್ಟೀಸ್, ಅಲ್ಲಿಂದ ಸೀದಾ ನೀಟ್ ಕೋಚಿಂಗ್. ಮನೆಗೆ ಬರುವಾಗ ಒಂಬತ್ತು ದಾಟಿರುತ್ತದೆ. ಪುಸ್ತಕದ ಮೇಲೇ ನಿದ್ದೆ ಹೋಗುತ್ತಾಳೆ. ಓಟದ ಟೈಮಿಂಗೂ ಕೆಟ್ಟಿದೆ. ‘ಕುಂಬ್ಳೆ ಎಂಜಿನಿಯರಿಂಗ್ ಓದ್ಕೊಂಡೇ ಆಡ್ಲಿಲ್ವಾ’ ಅಂತಾರೆ ನಮ್ಮ ಯಜಮಾನರು. ಓಟ ಬಿಡಿಸಿಬಿಡಲೇ ಸರ್?
– ಒಬ್ಬ ತಾಯಿ, ಹಾಸನ

ಉತ್ತರ: ಬೇಡಮ್ಮ. ಕುಂಬ್ಳೆ ವಿಷಯ ನಿಜ. 1990ರಲ್ಲಿ ಭಾರತ ತಂಡಕ್ಕೆ ಬಂದಾಗ ಅವರಿನ್ನೂ ಎಂಜಿನಿಯರಿಂಗ್ ವಿದ್ಯಾರ್ಥಿ. ಆದರೆ ರಾತ್ರಿ ನೀಟ್ ಕೋಚಿಂಗಿಗೆ ಹೋಗುತ್ತಿರಲಿಲ್ಲ, ಅಲ್ವಾ?

ಪಿಯು ಮಕ್ಕಳಿಗೆ ಆಟ ಕಲಿಸಿದವನು ನಾನು. ಓಟ, ಪಿಯುಸಿ ಎರಡೂ ಒಟ್ಟಿಗೆ ನಡೆಯುತ್ತವೆ. ಮೂರನೆಯದು ಸೇರಿದರೆ ಮೊದಲು ಹೋಗುವುದು ನಿದ್ದೆ. ಈ ವಯಸ್ಸಿಗೆ ಎಂಟರಿಂದ ಹತ್ತು ಗಂಟೆ ನಿದ್ದೆ ಬೇಕು. ನಿಮ್ಮ ಮಗಳಿಗೆ ಆರಾದರೂ ಸಿಗುತ್ತಿದೆಯೋ ಇಲ್ಲವೋ.

ಮೊದಲು ರಕ್ತ ಪರೀಕ್ಷೆ ಮಾಡಿಸಿ. ಹಿಮೋಗ್ಲೋಬಿನ್ ಜೊತೆ ಫೆರಿಟಿನ್ (ಮೈಯಲ್ಲಿ ಕಬ್ಬಿಣದ ದಾಸ್ತಾನು ಎಷ್ಟಿದೆ ಅಂತ ತೋರಿಸುವುದು) ಕೂಡ ನೋಡಲು ಹೇಳಿ. ದೂರ ಓಡುವ ಹುಡುಗಿಯರಲ್ಲಿ ಕಬ್ಬಿಣದ ಅಂಶ ಕಡಿಮೆಯಾಗುವುದು ಜಾಸ್ತಿ. ಸುಸ್ತು, ಟೈಮಿಂಗ್ ಬೀಳುವುದು ಎರಡಕ್ಕೂ ಅದೇ ಕಾರಣ ಇರಬಹುದು. ಮುಟ್ಟು ಸರಿಯಾಗಿ ಆಗುತ್ತಿದೆಯಾ ಕೇಳಿ. ತಿಂಗಳುಗಟ್ಟಲೆ ನಿಂತಿದ್ದರೆ ‘ಓಡೋರಿಗೆ ಹಾಗೇ’ ಅಂತ ಸುಮ್ನಿರಬೇಡಿ. ಊಟ ಸಾಲುತ್ತಿಲ್ಲ ಅಂತ ಅದರ ಅರ್ಥ ಇರಬಹುದು, ಡಾಕ್ಟರಿಗೆ ತೋರಿಸಿ. ಬೆಳಿಗ್ಗೆ ಮೈದಾನದಿಂದ ನೇರ ಕಾಲೇಜಿಗೆ ಹೋಗುವ ಮಕ್ಕಳು ತಿಂಡಿಯನ್ನೇ ಬಿಟ್ಟಿರುತ್ತಾರೆ. ಡಬ್ಬಿ ಕಟ್ಟಿಕೊಡಿ.

ಇನ್ನು ಕೋಚಿಂಗ್. ಡಾಕ್ಟರಾಗುವ ಆಸೆ ಮಗಳದ್ದಾ? ನಿಮ್ಮ ಪತ್ರದಲ್ಲಿ ಅದೊಂದು ಮಾತಿಲ್ಲ. ಅವಳದ್ದೇ ಆದರೂ ಪಿಯುಸಿ ಮುಗಿಸಿ ಒಂದು ವರ್ಷ ನೀಟ್‌ಗೇ ಕೂರಬಹುದು. ಅದಕ್ಕೆ ಗರಿಷ್ಠ ವಯಸ್ಸಿನ ಮಿತಿಯಿಲ್ಲ. ಹದಿನಾರರ ಓಟವನ್ನು ಹತ್ತೊಂಬತ್ತಕ್ಕೆ ಮುಂದೂಡಲು ಆಗುವುದಿಲ್ಲ. ಕ್ರೀಡಾ ಕೋಟಾ ನಂಬಿಕೊಂಡು ಲೆಕ್ಕ ಹಾಕಬೇಡಿ, ಸೀಟು ತೀರಾ ಕಡಿಮೆ. ಸರ್ಟಿಫಿಕೇಟು ಮಾತ್ರ ಜೋಪಾನ.

ಪಿಯುಸಿಗೆ ಶೇ 75 ಹಾಜರಾತಿ ಬೇಕು. ಕ್ರೀಡಾಕೂಟಕ್ಕೆ ಹೊರಡುವ ಮುಂಚೆಯೇ ಪ್ರಾಂಶುಪಾಲರಿಗೆ ಪತ್ರ ಕೊಟ್ಟು, ಸ್ವೀಕೃತಿ ಹಾಕಿಸಿಕೊಂಡ ಪ್ರತಿ ಇಟ್ಟುಕೊಳ್ಳಿ. ಬಾಯಿಮಾತು ಫೆಬ್ರವರಿಯಲ್ಲಿ ಯಾರಿಗೂ ನೆನಪಿರುವುದಿಲ್ಲ! ದ್ವಿತೀಯ ಪಿಯುಸಿಯಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿಗೆ ತಲಾ 30 ಅಂಕ ಲ್ಯಾಬಿನದು. ಥಿಯರಿ ನೋಟ್ಸ್ ಗೆಳತಿಯರಿಂದ ಸಿಗುತ್ತದೆ, ತಪ್ಪಿದ ಲ್ಯಾಬ್ ಸಿಗುವುದಿಲ್ಲ.

ಜನವರಿಯಿಂದ ಪರೀಕ್ಷೆ ಮುಗಿಯುವವರೆಗೆ ಬೆಳಗಿನ ಪ್ರಾಕ್ಟೀಸ್ ಒಂದೇ ಸಾಕು ಅಂತ ಕೋಚ್ ಹತ್ತಿರ ಈಗಲೇ ಮಾತಾಡಿ. ಯಜಮಾನರನ್ನೂ ಕರೆದುಕೊಂಡು ಹೋಗಿ.