ಗಲ್ಲಾದಲ್ಲಿ ಉಳಿದ 17 ರೂಪಾಯಿ

ಓದುಗರ ಪತ್ರ: "ಕಳೆದ ಸಂಚಿಕೆಯಲ್ಲಿ ನಾಲ್ಕನೇ ನ್ಯೂಟ್ರಿನೊ ಎಂಬ ಕಣದ ಹುಡುಕಾಟದ ಬಗ್ಗೆ ನಾಲ್ಕು ಪುಟ ಹಾಕಿದ್ದೀರಿ. ಕೊನೆಗೆ ತಿಳಿದದ್ದೇನು? ಸಿಗಲಿಲ್ಲ ಅಂತ. ಮೂವತ್ತು ವರ್ಷದ ಹುಡುಕಾಟ, ನೀರಿನಂತೆ ಸುರಿದ ಹಣ, ಸಿಗಲಿಲ್ಲ ಅನ್ನೋದಕ್ಕೆ ನಾಲ್ಕು ಪುಟ! ನಾನು 36 ವರ್ಷ ಬ್ಯಾಂಕಿನಲ್ಲಿದ್ದವನು, ಲೆಕ್ಕ ಕೇಳುವುದು ಅಭ್ಯಾಸ. ಆ ಪುಟಗಳನ್ನು ಮುಂಬಯಿಯ ಕನ್ನಡ ಶಾಲೆಗಳ ಸುದ್ದಿಗೆ ಕೊಡಬಾರದಿತ್ತೇ?" — ಒಬ್ಬ ಓದುಗರು, ಡೊಂಬಿವಲಿ

ಪ್ರಿಯ ರಾಯರೇ,

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಸಿಟ್ಟಿನಲ್ಲಿ ಬರೆದಿದ್ದರೂ ಒಂದು ಕಾಟು ಹೊಡೆದಿಲ್ಲ, ಅಕ್ಷರ ಮುತ್ತಿನಂತಿದೆ. ಹಣದ ಪ್ರಶ್ನೆ ಕೇಳಿದ್ದು ಸರಿ. ಜನರ ದುಡ್ಡು ಖರ್ಚು ಮಾಡುವವರು ಲೆಕ್ಕ ಕೊಡಬೇಕು. ತಮಿಳುನಾಡಿನ ಥೇಣಿ ಕಡೆ ಬೆಟ್ಟದೊಳಗೆ ನ್ಯೂಟ್ರಿನೊ ವೀಕ್ಷಣಾಲಯ ಕಟ್ಟಲು 2015ರಲ್ಲಿ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟಾಗ, ನಮ್ಮ ನೀರು, ನಮ್ಮ ಕಾಡು ಏನಾಗುತ್ತದೆ ಅಂತ ಅಲ್ಲಿನ ಜನ ಕೇಳಿದರು. ಕೇಳಲೇಬೇಕಿತ್ತು. ಅಷ್ಟನ್ನು ಒಪ್ಪುತ್ತೇನೆ.

ಆದರೆ "ಸಿಗಲಿಲ್ಲ ಅನ್ನೋದಕ್ಕೆ ನಾಲ್ಕು ಪುಟವೇ" ಅಂದಿರಲ್ಲ, ಅದನ್ನು ಒಪ್ಪಲಾರೆ. ಬೇರೆ ಯಾರಾದರೂ ಅಂದಿದ್ದರೆ ಸುಮ್ಮನಿರುತ್ತಿದ್ದೆ. ಬ್ಯಾಂಕಿನವರು ಆ ಮಾತು ಆಡಬಾರದು.

ನಾನು ಹುಡುಗನಾಗಿ ಫೋರ್ಟಿನ ಒಂದು ಹೋಟೆಲಿನಲ್ಲಿ ಕೆಲಸಕ್ಕಿದ್ದೆ. ರಾತ್ರಿ ಶಾಲೆ ಮುಗಿಸಿ ಬರುವ ಹೊತ್ತಿಗೆ ಗಲ್ಲಾದಲ್ಲಿ ಭಟ್ಟರು ಲೆಕ್ಕ ಮುಗಿಸುತ್ತಿರುತ್ತಿದ್ದರು. ಒಂದು ರಾತ್ರಿ 17 ರೂಪಾಯಿ ಜಾಸ್ತಿ ಬಂತು. ಕಾಫಿಗೆ ಒಂದು ರೂಪಾಯಿಯೂ ಇಲ್ಲದ ಕಾಲ ಅದು. ಧಣಿ, "ಜಾಸ್ತಿ ಬಂದದ್ದಲ್ವಾ, ಇರ್ಲಿ ಬಿಡಿ" ಅಂದರು. ಭಟ್ಟರು ಬಿಡಲಿಲ್ಲ. "ಜಾಸ್ತಿಯೂ ತಪ್ಪೇ ಧಣಿ" ಅಂದರು. ಕಂಬಿಗೆ ಚುಚ್ಚಿದ್ದ ಬಿಲ್ಲುಗಳನ್ನೆಲ್ಲ ತೆಗೆದು ಮತ್ತೆ ಕೂಡಿದರು. ಬೆಳಿಗ್ಗೆ ಇಟ್ಟ ಚಿಲ್ಲರೆ ನೋಡಿದರು. ಉದ್ರಿ ಪುಸ್ತಕ ನೋಡಿದರು. ಒಂದೊಂದು ಕಾರಣವನ್ನೂ ಒಂದು ಚೀಟಿಯಲ್ಲಿ ಬರೆದು, ಅದಲ್ಲ ಅಂತ ಗೊತ್ತಾದ ಮೇಲೆ ಗೆರೆ ಎಳೆದರು. ಹೊತ್ತು ಎರಡು ಗಂಟೆ ಆಗಿತ್ತು. ಕಾರಣ ಸಿಗಲಿಲ್ಲ.

ನಮ್ಮ ಲೇಖನದಲ್ಲಿದ್ದದ್ದು ಇದೇ ಕಥೆ, ರಾಯರೇ. ಅಲ್ಲಿ ಗಲ್ಲಾ ಅಮೆರಿಕದ್ದು.

ನ್ಯೂಟ್ರಿನೊ ಅಂದರೆ ಹೆಚ್ಚೂಕಮ್ಮಿ ಯಾವುದಕ್ಕೂ ತಾಗದೆ ಹಾದುಹೋಗುವ ಕಣ. ನಿಮ್ಮ ಹೆಬ್ಬೆರಳಿನ ಉಗುರಿನಷ್ಟು ಜಾಗದಲ್ಲಿ ಸೂರ್ಯನಿಂದ ಬಂದ ಸುಮಾರು 6,500 ಕೋಟಿ ನ್ಯೂಟ್ರಿನೊಗಳು ಪ್ರತಿ ಸೆಕೆಂಡಿಗೆ ದಾಟುತ್ತವೆ. ಎಲೆಕ್ಟ್ರಾನ್, ಮ್ಯೂವಾನ್, ಟೌ ಅಂತ ಮೂರು ಬಗೆ. ಹೋಗುತ್ತಾ ಹೋಗುತ್ತಾ ಒಂದು ಬಗೆ ಇನ್ನೊಂದಾಗುತ್ತದೆ. ಆದರೆ ಅದಕ್ಕೆ ದೂರ ಬೇಕು. 1990ರ ದಶಕದಲ್ಲಿ ಲಾಸ್ ಅಲಮೋಸ್‌ನಲ್ಲಿ ಎಲ್‌ಎಸ್‌ಎನ್‌ಡಿ ಎಂಬ ಪ್ರಯೋಗ ಕೇವಲ 30 ಮೀಟರ್ ದೂರದಲ್ಲೇ ಎಲೆಕ್ಟ್ರಾನ್ ಬಗೆಯವು ಲೆಕ್ಕಕ್ಕಿಂತ ಜಾಸ್ತಿ ಇರುವುದನ್ನು ಕಂಡಿತು. ಗಲ್ಲಾದಲ್ಲಿ 17 ರೂಪಾಯಿ ಜಾಸ್ತಿ! ಮೂರೇ ಬಗೆ ಇದ್ದರೆ ಈ ಲೆಕ್ಕ ಕೂಡುವುದಿಲ್ಲ. ಕಣ್ಣಿಗೆ ಬೀಳದ ನಾಲ್ಕನೆಯದು ಒಂದಿರಬಹುದು, ಅದರ ಮೂಲಕ ಈ ಬದಲಾವಣೆ ಬೇಗ ಆಗುತ್ತಿರಬಹುದು ಅಂತ ಊಹೆ. ಅದೇ ಸ್ಟೆರೈಲ್ ನ್ಯೂಟ್ರಿನೊ. ಲೇಖಕರು ಇದನ್ನು "ಬಂಜೆ ನ್ಯೂಟ್ರಿನೊ" ಎಂದು ಬರೆದು ಕಳಿಸಿದ್ದರು. ಆ ಪದವನ್ನು ನಾನೇ ತೆಗೆದೆ. ಆ ಮಾತು ಕೇಳಿ ನೊಂದ ಹೆಂಗಸರು ನಮ್ಮ ಓದುಗರಲ್ಲಿ ಎಷ್ಟು ಜನರಿದ್ದಾರೋ. ಬೇರೆ ಕಣಗಳು ಗುರುತ್ವದ ಹೊರತು ಯಾವ ರೀತಿಯಲ್ಲೂ ಇದಕ್ಕೆ ಅಂಟುವುದಿಲ್ಲ, ಅಷ್ಟೇ ಅರ್ಥ. "ಅಂಟದ ನ್ಯೂಟ್ರಿನೊ" ಅಂದರೆ ಸಾಕಲ್ವಾ?

ಈ ಜಾಸ್ತಿಯನ್ನು ಪರೀಕ್ಷಿಸಲು ಶಿಕಾಗೊ ಬಳಿಯ ಫರ್ಮಿಲ್ಯಾಬ್‌ನಲ್ಲಿ ಮಿನಿಬೂನ್ ಎಂಬ ಪ್ರಯೋಗ 2002ರಲ್ಲಿ ಶುರುವಾಯಿತು. 800 ಟನ್ ಎಣ್ಣೆ ತುಂಬಿದ ದೊಡ್ಡ ಗುಂಡು ತೊಟ್ಟಿ. ಅದರಲ್ಲೂ ಜಾಸ್ತಿ ಬಂತು. ಆದರೆ ಒಂದು ತೊಡಕಿತ್ತು. ಎಲೆಕ್ಟ್ರಾನ್ ಬಗೆಯ ನ್ಯೂಟ್ರಿನೊ ಅಪರೂಪಕ್ಕೆ ತಾಗಿದಾಗ ಒಂದು ಎಲೆಕ್ಟ್ರಾನ್ ಹೊರಬರುತ್ತದೆ, ಎಣಿಸುವುದು ಅದನ್ನೇ. ಎಲೆಕ್ಟ್ರಾನ್ ಬಂದರೂ ಬೆಳಕಿನ ಕಣ ಫೋಟಾನ್ ಬಂದರೂ ಆ ತೊಟ್ಟಿಯಲ್ಲಿ ಒಂದೇ ತರದ ಉಂಗುರ ಕಾಣುತ್ತಿತ್ತು. ದೀಪದ ಮಬ್ಬಿನಲ್ಲಿ ಎರಡು ಬೇರೆ ನೋಟು ಒಂದೇ ತರ ಕಂಡ ಹಾಗೆ. ಆಗ ಅವರು ಏನು ಮಾಡಿದರು? ಇನ್ನೂ ಚೆನ್ನಾಗಿ ಬೆಳಕು ಬೀಳುವ ಗಲ್ಲಾ ಕಟ್ಟಿದರು. 170 ಟನ್ ದ್ರವ ಆರ್ಗಾನ್ ತುಂಬಿದ ಮೈಕ್ರೋಬೂನ್, ಎರಡನ್ನೂ ಬೇರೆ ಬೇರೆ ಗುರುತಿಸಬಲ್ಲದು. 2015ರಿಂದ 2021ರವರೆಗೆ ಎಣಿಸಿದರು. ಎಲೆಕ್ಟ್ರಾನ್‌ಗಳು ಜಾಸ್ತಿ ಇರಲಿಲ್ಲ. ಒಂದೇ ಒಂದು ಅಂಟದ ನ್ಯೂಟ್ರಿನೊ ಇದಕ್ಕೆಲ್ಲ ಕಾರಣ ಎಂಬ ವಿವರಣೆ ನಿಲ್ಲುವುದಿಲ್ಲ ಅಂತ 2025ರ ಡಿಸೆಂಬರ್‌ನಲ್ಲಿ ಹೇಳಿದರು. ಅದೂ ಸುಮ್ನೆ ಅಲ್ಲ, ಶೇ. 95ರ ಖಚಿತತೆಯಿಂದ.

ಗೆರೆ ಎಳೆದರು ನೋಡಿ, ಭಟ್ಟರ ಚೀಟಿಯಲ್ಲಿ ಎಳೆದ ಹಾಗೆ. ಅದನ್ನೇ ನೀವು "ಸಿಗಲಿಲ್ಲ" ಅಂದಿರಿ. ತಮ್ಮ ಲ್ಯಾಬಿಗೇ ದೊಡ್ಡ ಹೆಸರು ತರಬಹುದಾಗಿದ್ದ ಕಣ ಇಲ್ಲ ಅಂತ ಹೇಳಲು ಎಷ್ಟು ಗಟ್ಟಿ ಮನಸ್ಸು ಬೇಕು! ಹಳೆಯ ತೊಟ್ಟಿಯಲ್ಲಿ ಕಂಡ ಜಾಸ್ತಿ ಯಾವುದರದ್ದು ಅಂತ ಇನ್ನೂ ಗೊತ್ತಾಗಿಲ್ಲ. ಗ್ಯಾಲಿಯಂ ಎಂಬ ಲೋಹ ಬಳಸಿ ಮಾಡಿದ ಪ್ರಯೋಗಗಳಲ್ಲಿ ಇದಕ್ಕೆ ಉಲ್ಟಾ, ಎಣಿಕೆ ಕಡಿಮೆ ಬಂದಿದೆ. ಅದಕ್ಕೂ ಕಾರಣ ಸಿಕ್ಕಿಲ್ಲ. ಪುಸ್ತಕ ಮುಚ್ಚಿಲ್ಲ, ರಾಯರೇ.

ಇದೆಲ್ಲ ದೂರದ ಮಾತು ಅನ್ನುತ್ತೀರಾ? ಹಾಗಾದರೆ ನಮ್ಮ ಕೋಲಾರದ ಮಾತು ಕೇಳಿ. ನಂಜನಗೂಡಿನಲ್ಲಿ ಹುಟ್ಟಿದ ಬಿ. ವಿ. ಶ್ರೀಕಂಠನ್ ಇದೇ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಗೆ ಬಂದರು. ಮುಂದೆ ಅದರ ನಿರ್ದೇಶಕರೂ ಆದರು. ಸಂಸ್ಥೆ ಕಟ್ಟಿದ ಹೋಮಿ ಭಾಭಾ 1951ರಲ್ಲಿ ಈ ಶ್ರೀಕಂಠನ್ ಅವರನ್ನು ಕೋಲಾರದ ಚಿನ್ನದ ಗಣಿಗೆ ಕಳಿಸಿದರು. ಆಕಾಶದಿಂದ ಬರುವ ಮ್ಯೂವಾನ್ ಎಂಬ ಕಣಗಳನ್ನು (ಇವು ನ್ಯೂಟ್ರಿನೊ ಅಲ್ಲ) ನೆಲದಾಳದಲ್ಲಿ ಎಣಿಸುವ ಕೆಲಸ. ವರ್ಷ ಕಳೆದಂತೆ ಸಂಸ್ಥೆಯವರು ಆಳಕ್ಕೆ, ಇನ್ನೂ ಆಳಕ್ಕೆ ಇಳಿದರು. 1960ರ ದಶಕದ ಮೊದಲಲ್ಲಿ ಎರಡೂವರೆ ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ ಉಪಕರಣ ಇಟ್ಟರು. ಸುಮಾರು ಎರಡು ತಿಂಗಳು ಕಾದರು. ಒಂದೇ ಒಂದು ಎಣಿಕೆಯೂ ಬರಲಿಲ್ಲ.

ಎರಡು ತಿಂಗಳು ಸೊನ್ನೆ! ನಿಮ್ಮ ಲೆಕ್ಕದಲ್ಲಿ ದಂಡ. ಆದರೆ ಆ ಸೊನ್ನೆಯೇ ಅವರಿಗೆ ದಾರಿ ತೋರಿತು. ಆಕಾಶದ ಮ್ಯೂವಾನ್‌ಗಳು ಇಷ್ಟು ಆಳಕ್ಕೆ ಮುಟ್ಟುವುದೇ ಅಪರೂಪ, ಇಲ್ಲಿ ಬೇರೆ ಗದ್ದಲ ಇಲ್ಲ, ಇಲ್ಲಿ ಏನಾದರೂ ಕಂಡರೆ ಅದು ನ್ಯೂಟ್ರಿನೊದ ಗುರುತೇ ಇರಬೇಕು ಅಂತ ತಿಳಿಯಿತು. ಜಪಾನಿನ ಒಸಾಕ ಮತ್ತು ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯದವರನ್ನು ಜೊತೆಗೆ ಸೇರಿಸಿಕೊಂಡು ಅದೇ ಗಣಿಯಲ್ಲಿ ಹೊಸ ಪ್ರಯೋಗ ಹೂಡಿದರು. ನಮ್ಮ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ 1965ರಲ್ಲಿ ಕೋಲಾರದಲ್ಲಿ ಸಿಕ್ಕಿತು. ಜಗತ್ತಿನಲ್ಲಿ ಮೊದಲು ಕಂಡ ಇಬ್ಬರಲ್ಲಿ ನಾವೊಬ್ಬರು. ಇನ್ನೊಬ್ಬರು ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯಲ್ಲಿದ್ದರು.

ಇದು ಎಷ್ಟು ಕನ್ನಡಿಗರಿಗೆ ಗೊತ್ತು ಹೇಳಿ? ಇಲ್ಲಿನ ನಮ್ಮ ಸಭೆಗಳಲ್ಲಿ ಶಾಲು, ಹಾರ, ಹಣ್ಣಿನ ಬುಟ್ಟಿ ಎಷ್ಟು ಜನರಿಗೆ ಕೊಟ್ಟಿದ್ದೇವೆ. ನಾನೂ ವೇದಿಕೆಯಲ್ಲಿ ಕೂತಿದ್ದೇನೆ. ಕೋಲಾರದ ಗಣಿಗೆ ಇಳಿದವರ ಹೆಸರು ಒಂದು ಸಲವೂ ಕೇಳಿಲ್ಲ. ನನಗೆ ಇದು ನಿಜಕ್ಕೂ ನೋವಿನ ವಿಷಯ. ಈಗಲೂ ಟ್ರಾಂಬೆಯಲ್ಲಿ, ಧ್ರುವ ಎಂಬ ಅಣು ರಿಯಾಕ್ಟರಿನ ಪಕ್ಕದಲ್ಲಿ, ಇಸ್ಮ್ರಾನ್ ಎಂಬ ಪ್ರಯೋಗ ನಡೆದಿದೆ. 90 ಪ್ಲಾಸ್ಟಿಕ್ ಪಟ್ಟಿಗಳ ಉಪಕರಣ. ರಿಯಾಕ್ಟರಿನ ಮೇಲೆ ಕಣ್ಣಿಡುವುದು ಒಂದು ಉದ್ದೇಶ, ಅಂಟದ ನ್ಯೂಟ್ರಿನೊ ಹುಡುಕುವುದು ಇನ್ನೊಂದು. ಚೆಂಬೂರಿನ ನಮ್ಮ ಎಷ್ಟೋ ಓದುಗರು ದಿನಾ ಅದರ ಹತ್ತಿರದಲ್ಲೇ ಓಡಾಡುತ್ತಾರೆ.

ಇನ್ನು ಶಾಲೆಗಳ ವಿಷಯ. ಕನ್ನಡ ಶಾಲೆಗಳು ಮುಚ್ಚುತ್ತಿರುವ ಸಂಕಟ ನನ್ನದೂ ಹೌದು, ನಾನು ರಾತ್ರಿ ಶಾಲೆಯ ಮಗ. ಆದರೆ ಉಳಿದ ಶಾಲೆಗಳಲ್ಲಿ ಏನು ಕಲಿಸುತ್ತಿದ್ದೇವೆ? ನನ್ನ ಮೊಮ್ಮಗಳ ಪ್ರಾಕ್ಟಿಕಲ್ ಜರ್ನಲ್ ನೋಡಿದೆ. ಲೋಲಕದ ಪ್ರಯೋಗದಲ್ಲಿ ಭೂಮಿಯ ಸೆಳೆತದ ಬೆಲೆ ಅವಳಿಗೆ ಬಂದದ್ದು 9.2. ಬರೆದದ್ದು ಪುಸ್ತಕದಲ್ಲಿರುವ 9.8. ಯಾಕಮ್ಮ ಅಂದರೆ, "ಎಲ್ಲರೂ ಹಾಗೇ ಬರೀತಾರೆ ಅಜ್ಜ, ಇಲ್ಲಾಂದ್ರೆ ಮಾರ್ಕ್ಸ್ ಕಟ್" ಅಂದಳು. ನನಗೆ ಆ ರಾತ್ರಿ ಊಟ ಸೇರಲಿಲ್ಲ. ಪುಣೆಯಲ್ಲಿ ಪಿಎಚ್‌ಡಿ ಮಾಡುವ ಪರಿಚಯದ ಹುಡುಗಿಗೆ ಅವಳ ಗೈಡ್, ಇಲ್ಲ ಅಂತ ಬಂದ ಫಲಿತಾಂಶ ಥೀಸಿಸ್‌ಗೆ ಸಾಲದು ಅಂದರಂತೆ. ಮೂರು ವರ್ಷದ ದುಡಿಮೆ ಡ್ರಾಯರಿನಲ್ಲಿ ಕೂತಿದೆ. ನಾಳೆ ಇನ್ನೊಬ್ಬ ಹುಡುಗ ಅದೇ ಕೆಲಸ ಮತ್ತೆ ಮೊದಲಿಂದ ಮಾಡುತ್ತಾನೆ. ಇದರ ಲೆಕ್ಕ ಯಾರು ಕೇಳಬೇಕು, ರಾಯರೇ? ನಿಮ್ಮಂಥವರೇ ಕೇಳಬೇಕು.

ಹೋಟೆಲ್ ಬಿಟ್ಟು ನಾನು ಪ್ರೆಸ್ಸಿಗೆ ಸೇರಿದಾಗ ಭಟ್ಟರಿಗೆ ನಮಸ್ಕಾರ ಹೇಳಲು ಹೋಗಿದ್ದೆ. ಗಲ್ಲಾದ ಕೆಳಗಿನ ಖಾನೆಯಲ್ಲಿ ಆ ಕವರು ಇನ್ನೂ ಇತ್ತು. ಒಳಗೆ 17 ರೂಪಾಯಿ, ಗೆರೆ ಎಳೆದ ಚೀಟಿ. ಚೀಟಿಯ ಕೊನೆಗೆ ಬೇರೆ ಶಾಯಿಯಲ್ಲಿ ಇನ್ನೂ ಎರಡು ಕಾರಣ ಸೇರಿದ್ದವು. ಒಂದರ ಮೇಲೆ ಗೆರೆ ಬಿದ್ದಿತ್ತು.

ನಿಮ್ಮ ಬ್ಯಾಂಕಿನಲ್ಲೂ ಲೆಕ್ಕಕ್ಕೆ ಕೂಡದ ಹಣ ಇಡುವ ಸಸ್ಪೆನ್ಸ್ ಖಾತೆ ಇತ್ತಲ್ಲ? ಅದರಲ್ಲಿ ಎಷ್ಟು ವರ್ಷ ಯಾವ ಹಣ ಕೂತಿತ್ತು, ಅದಕ್ಕೆ ಎಷ್ಟು ರಾತ್ರಿ ಕಳೆದಿರಿ, ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ನಿಮಗೆ ಎರಡು ಪುಟ ಇಟ್ಟಿದ್ದೇನೆ.

— ಸಂಪಾದಕ